ಕ್ಲಿನಿಕ್ ಬೋರ್ಡ್ ಇಳಿಸಿದ ಮೇಲೂ ಇನ್ಶೂರೆನ್ಸ್ ಬೇಕಾ? ಪ್ರಾಕ್ಟೀಸ್ ನಿಲ್ಲಿಸುವ ವೈದ್ಯರು ಮಾಡಬೇಕಾದ ಕೆಲಸಗಳು

ಹಾಸನದಲ್ಲಿ ಕೂತು ವೈದ್ಯರ ವಿಮೆಯ ಕಾಗದಪತ್ರ ನೋಡಿಕೊಳ್ಳುವ ನನಗೆ ಪ್ರತಿ ಮಾರ್ಚ್‌ನಲ್ಲೂ ಒಂದೇ ಪ್ರಶ್ನೆ ಬರುತ್ತದೆ. "ಕ್ಲಿನಿಕ್ ಮುಚ್ಚಿ ಆಯ್ತು. ಪೇಷೆಂಟ್ ನೋಡ್ತಿಲ್ಲ. ಇನ್ನು ಇಂಡೆಮ್ನಿಟಿ ಪಾಲಿಸಿ ಯಾಕೆ ಕಟ್ಟಬೇಕು?" ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ರೋಗಿ ಪರಿಹಾರ ಕೇಳಿದರೆ ಆ ಹಣ, ವಕೀಲರ ಖರ್ಚು ಕೊಡುವ ವೈದ್ಯರ ವಿಮೆಯೇ ಈ ಇಂಡೆಮ್ನಿಟಿ ಪಾಲಿಸಿ. ಬೇಲೂರಿನಿಂದ ಕೇಳುತ್ತಾರೆ, ಸಕಲೇಶಪುರದಿಂದ ಕೇಳುತ್ತಾರೆ, ಚಿಕ್ಕಮಗಳೂರಿನ ನರ್ಸಿಂಗ್ ಹೋಂ ಬಿಟ್ಟು ಮೂಡಿಗೆರೆಯ ತೋಟಕ್ಕೆ ಹೋಗಿ ನೆಲೆಸಿದವರೂ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದು ಕಡೆ ಪೂರ್ತಿ ಬರೆದಿಡೋಣ ಅನ್ನಿಸಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಟ್ಟಬೇಕು, ಕನಿಷ್ಠ ಕೆಲವು ವರ್ಷವಾದರೂ.

ಕಾರಣ ಅರ್ಥವಾಗಬೇಕಾದರೆ ಈ ಪಾಲಿಸಿ ಕೆಲಸ ಮಾಡುವ ರೀತಿ ಗೊತ್ತಿರಬೇಕು. ನಮ್ಮ ಕಾರಿನ ಇನ್ಶೂರೆನ್ಸ್‌ನಲ್ಲಿ ಅಪಘಾತ ನಡೆದ ದಿನ ಪಾಲಿಸಿ ಇದ್ದರೆ ಸಾಕು. ವೈದ್ಯರ ಪಾಲಿಸಿ ಹಾಗಲ್ಲ. ಇದನ್ನು 'ಕ್ಲೇಮ್ಸ್ ಮೇಡ್' ಪಾಲಿಸಿ ಎನ್ನುತ್ತಾರೆ. ಅಂದರೆ ರೋಗಿ ನಿಮ್ಮ ಮೇಲೆ ಪರಿಹಾರ ಕೇಳಿದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಚಿಕಿತ್ಸೆ ಕೊಟ್ಟ ದಿನ ಇತ್ತು ಅನ್ನುವುದು ಸಾಕಾಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ನೀವು 2010ರ ಏಪ್ರಿಲ್ 1ರಂದು ಮೊದಲ ಪಾಲಿಸಿ ಮಾಡಿಸಿದಿರಿ. ಪ್ರತಿ ವರ್ಷ ತಪ್ಪದೆ ಕಟ್ಟಿದಿರಿ. 2023ರ ನವೆಂಬರ್‌ನಲ್ಲಿ ಒಬ್ಬರಿಗೆ ಆಪರೇಷನ್ ಮಾಡಿದಿರಿ. 2024ರ ಮಾರ್ಚ್ 31ಕ್ಕೆ ಕ್ಲಿನಿಕ್ ಮುಚ್ಚಿ ಪಾಲಿಸಿಯನ್ನೂ ಬಿಟ್ಟಿರಿ. 2025ರ ಆಗಸ್ಟ್‌ನಲ್ಲಿ ಗ್ರಾಹಕರ ಆಯೋಗದಿಂದ ನೋಟಿಸ್ ಬಂತು. ಹದಿನಾಲ್ಕು ವರ್ಷ ಕಟ್ಟಿದ ಪ್ರೀಮಿಯಂ ಆ ದಿನ ನಿಮ್ಮ ನೆರವಿಗೆ ಬರುವುದಿಲ್ಲ. ವಕೀಲರ ಫೀಸು, ಪರಿಹಾರ ಎಲ್ಲ ನಿಮ್ಮ ಉಳಿತಾಯದಿಂದಲೇ ಹೋಗಬೇಕು. ಗಾಬರಿಯಿಂದ ಓಡಿಹೋಗಿ ಹೊಸ ಪಾಲಿಸಿ ಮಾಡಿಸಿದರೂ ಪ್ರಯೋಜನವಿಲ್ಲ. ಹೊಸದು ಹಳೆಯ ಚಿಕಿತ್ಸೆಯನ್ನು ಮುಟ್ಟುವುದಿಲ್ಲ.

"ನನ್ನ ಮೇಲೆ ಯಾರು ಕೇಸ್ ಹಾಕ್ತಾರೆ, ಮೂವತ್ತು ವರ್ಷದಿಂದ ಊರಿಗೆ ಬೇಕಾದವನು" ಅನ್ನುವವರಿದ್ದಾರೆ. ಅವರ ಮಾತು ನಿಜವೇ ಇರಬಹುದು. ಆದರೆ ರೋಗಿಗೆ ನಿಮ್ಮ ಮೇಲಿರುವ ಪ್ರೀತಿ ಬೇರೆ, ಅವರ ಮಕ್ಕಳು ಬೆಂಗಳೂರಿನಲ್ಲಿ ಎರಡನೇ ಅಭಿಪ್ರಾಯ ಕೇಳಿ ಬಂದ ಮೇಲೆ ನಡೆಯುವುದು ಬೇರೆ.

ಎಷ್ಟು ದಿನ ಅಪಾಯ ಇರುತ್ತದೆ?

1995ರಲ್ಲಿ ಸುಪ್ರೀಂ ಕೋರ್ಟ್ ಶಾಂತಾ ಪ್ರಕರಣದಲ್ಲಿ ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕರ ಕಾಯ್ದೆಯ ಒಳಗೆ ಬರುತ್ತದೆ ಎಂದಿತು. ಈಗಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ತೋರಿಸಿದರೆ ತಡವಾದ ದೂರನ್ನೂ ಆಯೋಗ ತೆಗೆದುಕೊಳ್ಳಬಹುದು. ಸಿವಿಲ್ ಕೋರ್ಟಿಗೆ ಹೋದರೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಮೂರು ವರ್ಷ.

"ಕಾರಣ ಹುಟ್ಟಿದ ದಿನ" ಅನ್ನುವ ಮಾತಿನಲ್ಲೇ ತೊಡಕಿರುವುದು. ಅದು ಆಪರೇಷನ್ ದಿನವೋ, ತೊಂದರೆ ಗೊತ್ತಾದ ದಿನವೋ? ಸುಪ್ರೀಂ ಕೋರ್ಟಿನ ತನಕ ಹೋದ ಒಂದು ಪ್ರಕರಣದಲ್ಲಿ 1993ರಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. 2002ರಲ್ಲಿ ಇನ್ನೊಂದು ಆಪರೇಷನ್ ಮಾಡಿದಾಗ ಹೊಟ್ಟೆಯಲ್ಲಿ ಗಾಜ್ ಬಟ್ಟೆ ಸಿಕ್ಕಿತು. ದೂರು ಬಂದಿದ್ದು 2004ರಲ್ಲಿ. ಇಷ್ಟು ವರ್ಷ ನೋವಿದ್ದರೂ ಸುಮ್ಮನಿದ್ದದ್ದಕ್ಕೆ ಕಾಲಮಿತಿ ಮೀರಿದೆ ಎಂದು ಕೊನೆಗೆ ಸರ್ಜನ್ ಪರವಾಗಿ ತೀರ್ಪಾಯಿತು. ಆದರೆ ಆ ತೀರ್ಪು ಬಂದಿದ್ದು 2010ರಲ್ಲಿ. ಆರು ವರ್ಷ ವಕೀಲರ ಖರ್ಚು ಯಾರದು ಎಂದು ಯೋಚಿಸಿ. ಗೆದ್ದವರಿಗೂ ಪಾಲಿಸಿ ಬೇಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹೆರಿಗೆ ಮಾಡಿಸುವವರು, ಮಕ್ಕಳ ವೈದ್ಯರು ಇನ್ನೂ ಜಾಸ್ತಿ ಗಮನ ಕೊಡಬೇಕು. 1963ರ ಕಾಲಮಿತಿ ಕಾಯ್ದೆಯಲ್ಲಿ ಅಪ್ರಾಪ್ತ ಮಕ್ಕಳಿಗೆ ವಿಶೇಷ ರಿಯಾಯಿತಿ ಇದೆ. ಮಗುವಿಗೆ 18 ತುಂಬಿದ ಮೇಲೆ ಸಿವಿಲ್ ದಾವೆಯ ಅವಧಿ ಲೆಕ್ಕ ಶುರುವಾಗಬಹುದು.

ನನ್ನ ಸಲಹೆ ಇಷ್ಟು. ಬರೀ ಔಷಧಿ ಬರೆಯುತ್ತಿದ್ದ ಜನರಲ್ ಪ್ರಾಕ್ಟೀಸ್ ಆದರೆ ಕನಿಷ್ಠ ಮೂರು ವರ್ಷ. ಸರ್ಜನ್, ಅರಿವಳಿಕೆ ತಜ್ಞರು, ಮೂಳೆ ವೈದ್ಯರು ಐದು ವರ್ಷ. ಹೆರಿಗೆ ಮತ್ತು ಮಕ್ಕಳ ವಿಭಾಗದವರು ಕೈಲಾಗುವಷ್ಟು ಕಾಲ.

ಏನೇನು ಕೈಯಲ್ಲಿರಬೇಕು?

ಮೊದಲ ಪಾಲಿಸಿಯಿಂದ ಇಂದಿನವರೆಗಿನ ಎಲ್ಲ ವರ್ಷದ ಪಾಲಿಸಿ ಪ್ರತಿಗಳು, ಪ್ರೀಮಿಯಂ ರಸೀದಿಗಳು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಪ್ರತಿ, ಕೆಪಿಎಂಇ ಪ್ರಮಾಣಪತ್ರ. ಕೆಪಿಎಂಇ ಅಂದರೆ ಖಾಸಗಿ ಕ್ಲಿನಿಕ್, ಆಸ್ಪತ್ರೆಗಳಿಗೆ ಕಡ್ಡಾಯವಿರುವ ರಾಜ್ಯದ ನೋಂದಣಿ. ಹಳೆಯ ಪಾಲಿಸಿ ಕಳೆದುಹೋಗಿದ್ದರೆ ಕಂಪನಿಯ ಶಾಖೆಗೆ ಪಾಲಿಸಿ ನಂಬರ್ ಕೊಟ್ಟು ನಕಲು ಕೇಳಿ. ಏಜೆಂಟ್ ಬದಲಾಗಿದ್ದರೂ ದಾಖಲೆ ಕಂಪನಿಯದ್ದು.

ಹಂತ 1: ಪಾಲಿಸಿಯ ಮೊದಲ ಪುಟ ಓದಿ

ಬಹಳ ಜನ ವೈದ್ಯರು ಈ ಪುಟವನ್ನು ಒಮ್ಮೆಯೂ ಓದಿರುವುದಿಲ್ಲ. ಇದನ್ನು ಷೆಡ್ಯೂಲ್ ಅನ್ನುತ್ತಾರೆ. ಕನ್ನಡಕ ಹಾಕಿಕೊಂಡು, ಒಂದು ಪೆನ್ಸಿಲ್ ಹಿಡಿದು ಕೂರಿ.

ಮೊದಲು ಹುಡುಕಬೇಕಾದ್ದು 'ರೆಟ್ರೋಆಕ್ಟಿವ್ ಡೇಟ್'. ಯಾವ ದಿನದಿಂದ ಈಚೆಗೆ ಕೊಟ್ಟ ಚಿಕಿತ್ಸೆಗೆ ರಕ್ಷಣೆ ಇದೆಯೋ ಆ ದಿನ ಅದು. ನೀವು ಮೊದಲ ಸಲ ಪಾಲಿಸಿ ಮಾಡಿಸಿದ ದಿನಾಂಕವೇ ಅಲ್ಲಿರಬೇಕು. ಅದರ ಬದಲು ಈ ವರ್ಷದ ದಿನಾಂಕ ಇದ್ದರೆ ಎಲ್ಲೋ ಒಂದು ಕಡೆ ಸರಪಳಿ ತುಂಡಾಗಿದೆ ಎಂದು ಅರ್ಥ. ಒಂದು ವರ್ಷ ನವೀಕರಣ ತಡವಾಗಿರಬಹುದು. ಕಂಪನಿ ಬದಲಾಯಿಸುವಾಗ ಹಳೆಯ ದಿನಾಂಕ ಮುಂದುವರಿಸಿ ಎಂದು ಯಾರೂ ಹೇಳದೇ ಇರಬಹುದು. ಬರೀ ಟೈಪಿಂಗ್ ತಪ್ಪೂ ಆಗಿರಬಹುದು. ತಪ್ಪಾಗಿದ್ದರೆ ಹಳೆಯ ಪಾಲಿಸಿಗಳ ಪ್ರತಿ ಇಟ್ಟು ತಿದ್ದಿಸಿಕೊಳ್ಳಿ. ಪ್ರಾಕ್ಟೀಸ್ ನಡೆಯುತ್ತಿರುವಾಗಲೇ ಈ ಕೆಲಸ ಮಾಡಿದರೆ ಸುಲಭ. ನಿಂತ ಮೇಲೆ, ಅದರಲ್ಲೂ ನೋಟಿಸ್ ಬಂದ ಮೇಲೆ, ಯಾರೂ ತಿದ್ದಿಕೊಡುವುದಿಲ್ಲ.

ಎರಡನೆಯದು ಮೊತ್ತ. ಅಲ್ಲಿ ಎಒಎ, ಎಒವೈ ಎಂದು ಎರಡು ಅಂಕಿ ಇರುತ್ತವೆ. ಒಂದು ಘಟನೆಗೆ ಕಂಪನಿ ಕೊಡುವ ಗರಿಷ್ಠ ಹಣ ಎಒಎ. ಇಡೀ ವರ್ಷಕ್ಕೆ ಎಲ್ಲ ಘಟನೆ ಸೇರಿ ಕೊಡುವುದು ಎಒವೈ. ಬಹುತೇಕ ಪಾಲಿಸಿಗಳಲ್ಲಿ ವಕೀಲರ ಖರ್ಚೂ ಈ ಮೊತ್ತದೊಳಗೇ ಸೇರುತ್ತದೆ.

ಮೂರನೆಯದು ವಾರಸುದಾರರ ಷರತ್ತು. ವೈದ್ಯರು ತೀರಿಕೊಂಡ ಮೇಲೆ ಬರುವ ಕ್ಲೇಮಿನಲ್ಲಿ ಹೆಂಡತಿ, ಮಕ್ಕಳಿಗೂ ರಕ್ಷಣೆ ಸಿಗುತ್ತದೆಯೇ ಎಂದು ನೋಡಿ. ಇಲ್ಲದಿದ್ದರೆ ಸೇರಿಸಲು ಕೇಳಿ.

ಹಂತ 2: ಮೂರು ದಾರಿಯಲ್ಲಿ ಒಂದನ್ನು ಆರಿಸಿ

ಮೊದಲ ದಾರಿ, ಇರುವ ಪಾಲಿಸಿಯನ್ನೇ ಪ್ರತಿ ವರ್ಷ ನವೀಕರಿಸುತ್ತಾ ಹೋಗುವುದು. ನಮ್ಮ ಕಡೆಯ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಹಳೆಯ ರೆಟ್ರೋಆಕ್ಟಿವ್ ಡೇಟ್ ಹಾಗೇ ಉಳಿಯುತ್ತದೆ, ಹೊಸ ಕಾಗದಪತ್ರದ ತಲೆನೋವಿಲ್ಲ. ಪ್ರಾಕ್ಟೀಸ್ ನಿಲ್ಲಿಸಿದ್ದನ್ನು ಬರೆದು ತಿಳಿಸಿ, ಪ್ರೀಮಿಯಂ ಕಡಿಮೆ ಮಾಡುತ್ತೀರಾ ಎಂದು ಕೇಳಿ. ಹೊಸ ಚಿಕಿತ್ಸೆಯ ಅಪಾಯ ಇಲ್ಲವಲ್ಲ, ಕೇಳುವುದರಲ್ಲಿ ನ್ಯಾಯ ಇದೆ. ಕಡಿಮೆ ಮಾಡದಿದ್ದರೂ ಕಟ್ಟಿ.

ಎರಡನೆಯದು 'ರನ್-ಆಫ್' ರಕ್ಷಣೆ. ಪ್ರಾಕ್ಟೀಸ್ ನಿಂತ ದಿನದವರೆಗಿನ ಚಿಕಿತ್ಸೆಗೆ ಮಾತ್ರ, ಮುಂದಿನ ಇಷ್ಟು ವರ್ಷದೊಳಗೆ ಬರುವ ಕ್ಲೇಮುಗಳಿಗೆ ಕೊಡುವ ರಕ್ಷಣೆ ಇದು. ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಕೊಡುವವರು ಸಿಕ್ಕರೆ ಅವಧಿ, ಮೊತ್ತ, ರೆಟ್ರೋಆಕ್ಟಿವ್ ಡೇಟ್ ಮೂರನ್ನೂ ಲಿಖಿತವಾಗಿ ಪಡೆದುಕೊಳ್ಳಿ.

ಮೂರನೆಯದನ್ನು ದಾರಿ ಅನ್ನುವುದಕ್ಕಿಂತ ಸಣ್ಣ ಸಂಕ ಅನ್ನಬಹುದು. ಅನೇಕ ಪಾಲಿಸಿಗಳಲ್ಲಿ ನವೀಕರಣ ಮಾಡದಿದ್ದರೆ ಮುಗಿದ ದಿನದಿಂದ ಹೆಚ್ಚೆಂದರೆ 90 ದಿನದವರೆಗೆ ಹಳೆಯ ಚಿಕಿತ್ಸೆಯ ಕ್ಲೇಮ್ ತಿಳಿಸಲು ಅವಕಾಶ ಇರುತ್ತದೆ, ಬೇರೆ ಪಾಲಿಸಿ ಇಲ್ಲದಿದ್ದರೆ ಮಾತ್ರ. ಇದನ್ನು ನಂಬಿ ಪಾಲಿಸಿ ಬಿಟ್ಟವರಿದ್ದಾರೆ. ಎರಡು ವರ್ಷದೊಳಗೆ ಯಾವಾಗ ಬೇಕಾದರೂ ಬರಬಹುದಾದ ದೂರಿಗೆ ಮೂರು ತಿಂಗಳ ರಕ್ಷಣೆ ಯಾವ ಮೂಲೆಗೆ?

ಎಚ್ಚರಿಕೆ: ಹಣ ಉಳಿಸಲು ಮೊದಲ ವರ್ಷವೇ ಮೊತ್ತ ಇಳಿಸಬೇಡಿ. ಕ್ಲೇಮ್ ಬಂದ ವರ್ಷದ ಪಾಲಿಸಿಯಲ್ಲಿ ಎಷ್ಟಿದೆಯೋ ಅಷ್ಟೇ ಸಿಗುವುದು. ಕೋಲ್ಕತ್ತಾದ ಪ್ರಸಿದ್ಧ ಪ್ರಕರಣವೊಂದರಲ್ಲಿ 1998ರ ಚಿಕಿತ್ಸೆಗೆ 2013ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಿಸಿತು. ದೊಡ್ಡ ಪಾಲು ಆಸ್ಪತ್ರೆಯದು, ಆದರೆ ಇಬ್ಬರು ವೈದ್ಯರು ತಲಾ 10 ಲಕ್ಷ, ಇನ್ನೊಬ್ಬರು 5 ಲಕ್ಷ ಕೊಡಬೇಕಾಯಿತು. ಹದಿನೈದು ವರ್ಷದ ಹಿಂದಿನ ಚಿಕಿತ್ಸೆಗೆ!

ಹಂತ 3: ನಿಲ್ಲಿಸುವ ಮೊದಲೇ ಕಂಪನಿಗೆ ಪತ್ರ ಬರೆಯಿರಿ

ಕನಿಷ್ಠ ಎರಡು ತಿಂಗಳು ಮುಂಚೆ ಬರೆಯಿರಿ. ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಪತ್ರದಲ್ಲಿ ಇಷ್ಟು ಇರಲಿ:

"ನಾನು ಇಂಥ ನಂಬರಿನ ಪಾಲಿಸಿದಾರ. ಇಂಥ ದಿನಾಂಕದಿಂದ ಪ್ರಾಕ್ಟೀಸ್ ನಿಲ್ಲಿಸುತ್ತಿದ್ದೇನೆ. ಆ ದಿನದವರೆಗೆ ಕೊಟ್ಟ ಚಿಕಿತ್ಸೆಗಳಿಗೆ ಸಂಬಂಧಿಸಿದಂತೆ ಪಾಲಿಸಿಯನ್ನು ಈಗಿರುವ ರೆಟ್ರೋಆಕ್ಟಿವ್ ಡೇಟ್‌ನೊಂದಿಗೇ ಮುಂದುವರಿಸಲು ಬಯಸುತ್ತೇನೆ. ಪ್ರಾಕ್ಟೀಸ್ ಮಾಡದ ವೈದ್ಯನ ಹೆಸರಿನಲ್ಲಿ ನವೀಕರಿಸಲು ಅಡ್ಡಿಯಿಲ್ಲ ಎಂಬುದನ್ನು, ಪ್ರೀಮಿಯಂ ಎಷ್ಟು ಎಂಬುದನ್ನು, ವಾರಸುದಾರರಿಗೆ ರಕ್ಷಣೆ ಇದೆಯೇ ಎಂಬುದನ್ನು ಲಿಖಿತವಾಗಿ ತಿಳಿಸಿ. ಬದಲಾವಣೆಯನ್ನು ಎಂಡಾರ್ಸ್‌ಮೆಂಟ್ ಮೂಲಕ ದಾಖಲಿಸಿ."

ಎಂಡಾರ್ಸ್‌ಮೆಂಟ್ ಅಂದರೆ ಪಾಲಿಸಿಗೆ ಅಂಟಿಸುವ ತಿದ್ದುಪಡಿ ಕಾಗದ. ಅದು ಕೈಗೆ ಬರುವವರೆಗೆ ಬಿಡಬೇಡಿ. ಪತ್ರದ ನಕಲಿನ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಇಮೇಲ್ ಕೂಡ ಮಾಡಿ.

ನವೀಕರಣದಲ್ಲಿ ಒಂದು ದಿನದ ಅಂತರವೂ ಬೇಡ. ಕೊನೆಯ ದಿನ ಚೆಕ್ ಕೊಟ್ಟು, ಅದು ಪಾಸಾಗದೆ ಸರಪಳಿ ತುಂಡಾದದ್ದನ್ನು ನಾನು ನೋಡಿದ್ದೇನೆ. ಹದಿನೈದು ದಿನ ಮುಂಚೆಯೇ ಕಟ್ಟಿಬಿಡಿ.

ಹಂತ 4: ಮನಸ್ಸಿನಲ್ಲಿ ಕೊರೆಯುತ್ತಿರುವ ಕೇಸುಗಳನ್ನು ಈಗಲೇ ತಿಳಿಸಿ

ಇದು ಬಹಳ ಉಪಯುಕ್ತ ಸೌಲಭ್ಯ, ಬಳಸುವವರು ಮಾತ್ರ ಕಡಿಮೆ. ಯಾವುದೋ ಆಪರೇಷನ್ ಅಂದುಕೊಂಡ ಹಾಗೆ ಆಗಲಿಲ್ಲ. ಮನೆಯವರು ಜಗಳ ಆಡಿ ಹೋದರು. ಕೇಸ್ ಶೀಟ್ ನಕಲು ಕೇಳಿದರು. ಇಂಥದ್ದು ಒಂದೆರಡು ಪ್ರತಿ ವೈದ್ಯರ ನೆನಪಿನಲ್ಲೂ ಇರುತ್ತವೆ ಅಲ್ವಾ? ಪಾಲಿಸಿ ಚಾಲ್ತಿಯಲ್ಲಿರುವಾಗಲೇ "ಇಂಥ ಘಟನೆಯಿಂದ ಮುಂದೆ ಕ್ಲೇಮ್ ಬರಬಹುದು" ಎಂದು ವಿವರದೊಂದಿಗೆ ಬರೆದು ತಿಳಿಸಿದರೆ, ಕಂಪನಿ ಅದನ್ನು ಒಪ್ಪಿಕೊಂಡರೆ, ಮುಂದೆ ಯಾವಾಗ ಕೇಸ್ ಬಂದರೂ ಕಾಲಮಿತಿ ಕಾಯ್ದೆಯ ಅವಧಿಯೊಳಗೆ ಅದನ್ನು ಆ ವರ್ಷದ ಪಾಲಿಸಿಯಲ್ಲೇ ಬಂದಂತೆ ನೋಡುತ್ತಾರೆ. ಹೆಚ್ಚಿನ ಪಾಲಿಸಿಗಳಲ್ಲಿ ಈ ಷರತ್ತು ಇರುತ್ತದೆ. ನಿಮ್ಮದರಲ್ಲಿ ಇದೆಯೇ ನೋಡಿ.

ಬರೆಯುವಾಗ ತಪ್ಪೊಪ್ಪಿಗೆಯ ಧಾಟಿ ಬೇಡ. ದಿನಾಂಕ, ಕಾಯಿಲೆ, ಕೊಟ್ಟ ಚಿಕಿತ್ಸೆ, ಆಮೇಲೆ ಏನಾಯಿತು, ರೋಗಿಯ ಕಡೆಯವರು ಏನು ಕೇಳಿದರು, ಇಷ್ಟು ಸಾಕು.

ಹಂತ 5: ದಾಖಲೆಗಳನ್ನು ಮಳೆಗಾಲದಿಂದ ಕಾಪಾಡಿ

2002ರ ವೈದ್ಯಕೀಯ ಪರಿಷತ್ತಿನ ನಿಯಮದಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು. ರೋಗಿ, ಅವರು ಅಧಿಕಾರ ಕೊಟ್ಟವರು ಅಥವಾ ಕಾನೂನು ಅಧಿಕಾರಿಗಳು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದರೆ ಮೂರು ವರ್ಷ ಆದ ಕೂಡಲೇ ಸುಟ್ಟುಬಿಡಬೇಡಿ. ಪಾಲಿಸಿ ಎಷ್ಟು ವರ್ಷ ಇಡುತ್ತೀರೋ ದಾಖಲೆಯೂ ಅಷ್ಟು ವರ್ಷ ಇರಲಿ. ಹೆರಿಗೆ, ಮಕ್ಕಳ ದಾಖಲೆಗಳು ಮಗುವಿಗೆ 21 ಆಗುವವರೆಗೆ ಇರಲಿ. ಪೊಲೀಸ್ ಕೇಸ್ ಆದದ್ದು ಕೇಸ್ ಮುಗಿಯುವವರೆಗೆ.

ಮಲೆನಾಡಿನಲ್ಲಿ ಕಾಗದ ಉಳಿಸುವುದೇ ಒಂದು ಕೆಲಸ. ಜೂನ್‌ನಲ್ಲಿ ಅಟ್ಟಕ್ಕೆ ಹಾಕಿದ ರಟ್ಟಿನ ಡಬ್ಬ ಸೆಪ್ಟೆಂಬರ್‌ನಲ್ಲಿ ತೆಗೆದರೆ ಹಾಳೆಗೆ ಹಾಳೆ ಅಂಟಿಕೊಂಡಿರುತ್ತದೆ, ಶಾಯಿ ಹಬ್ಬಿರುತ್ತದೆ. ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಗೆದ್ದಲು ಹಿಡಿದರಂತೂ ಮಧ್ಯದ ಭಾಗವೇ ಇರುವುದಿಲ್ಲ, ಬೈಂಡ್ ಮಾಡಿದ ದಾರ ಮಾತ್ರ ಉಳಿದಿರುತ್ತದೆ. ಕಂಪನಿಯ ವಕೀಲರು ಮೊದಲು ಕೇಳುವುದು ಸಹಿ ಮಾಡಿದ ಒಪ್ಪಿಗೆ ಪತ್ರ. ಅದೇ ಇಲ್ಲದಿದ್ದರೆ ವಾದ ಅರ್ಧ ಸೋತ ಹಾಗೆ. ಆದ್ದರಿಂದ ಮಾರ್ಚ್‌ ಬಿಸಿಲಿನಲ್ಲೇ ಎಲ್ಲ ಸ್ಕ್ಯಾನ್ ಮಾಡಿಸಿ, ಎರಡು ಕಡೆ ಉಳಿಸಿ. ಅಸಲು ಪ್ರತಿಗಳನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಅಥವಾ ತಗಡಿನ ಪೆಟ್ಟಿಗೆಯಲ್ಲಿ, ನೆಲ ಮತ್ತು ಗೋಡೆಗೆ ತಾಗದಂತೆ ಇಡಿ.

ಕ್ಲಿನಿಕ್ಕನ್ನು ಇನ್ನೊಬ್ಬ ವೈದ್ಯರಿಗೆ ಕೊಡುತ್ತಿದ್ದರೆ ದಾಖಲೆ ಯಾರ ಬಳಿ ಇರುತ್ತದೆ, ಬೇಕಾದಾಗ ನಿಮಗೆ ಕೊಡಬೇಕು ಎಂದು ಬರೆಸಿಕೊಳ್ಳಿ.

ಹಂತ 6: ವಿಳಾಸ ಎಲ್ಲ ಕಡೆ ಬದಲಾಯಿಸಿ

ನೋಟಿಸ್ ಸಾಮಾನ್ಯವಾಗಿ ಹಳೆಯ ಕ್ಲಿನಿಕ್ ವಿಳಾಸಕ್ಕೆ ಹೋಗುತ್ತದೆ. ಅಲ್ಲಿ ಈಗ ಮೊಬೈಲ್ ಅಂಗಡಿ ಇರಬಹುದು. ನೀವು ಮಗಳ ಮನೆಯಲ್ಲಿ ಬೆಂಗಳೂರಿನಲ್ಲಿರಬಹುದು. ಆದರೆ ದೂರಿನ ಪ್ರತಿಯೊಂದಿಗೆ ನೋಟಿಸ್ ಸಿಕ್ಕಿದ ದಿನದಿಂದ ಉತ್ತರ ಕೊಡಲು ಇರುವುದು 30 ದಿನ. ಆಯೋಗ ಒಪ್ಪಿದರೆ ಇನ್ನು 15 ದಿನ. ಈ 45 ದಿನ ದಾಟಿದರೆ ಉತ್ತರ ತೆಗೆದುಕೊಳ್ಳುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಪೋಸ್ಟ್‌ಮ್ಯಾನ್ ತಂದದ್ದನ್ನು ಬೇಡ ಎಂದು ವಾಪಸ್ ಕಳಿಸಿದರೆ ತಲುಪಿದ ಹಾಗೆಯೇ ಲೆಕ್ಕ.

ವೈದ್ಯಕೀಯ ಪರಿಷತ್ತು, ವಿಮಾ ಕಂಪನಿ, ಕೆಲಸ ಮಾಡಿದ ನರ್ಸಿಂಗ್ ಹೋಂಗಳು, ಹಳೆಯ ಕಟ್ಟಡದ ಮಾಲೀಕರು, ಆ ಬೀದಿಯ ಅಂಚೆ ಕಚೇರಿ, ಎಲ್ಲರಿಗೂ ಹೊಸ ವಿಳಾಸ ಮತ್ತು ಫೋನ್ ನಂಬರ್ ಕೊಡಿ. ಕೆಪಿಎಂಇ ಪ್ರಮಾಣಪತ್ರವನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಒಪ್ಪಿಸಿ ಸ್ವೀಕೃತಿ ತೆಗೆದುಕೊಳ್ಳಿ. ಯಾವ ದಿನ ನಿಲ್ಲಿಸಿದಿರಿ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇನ್ನೊಂದು ವಿಷಯ. ದೂರುದಾರರು ತಾವು ವಾಸವಿರುವ ಊರಿನ ಆಯೋಗದಲ್ಲೂ ದೂರು ಕೊಡಬಹುದು. ನಿಮ್ಮ ಕಡೂರಿನ ರೋಗಿ ಈಗ ಮಂಗಳೂರಿನಲ್ಲಿದ್ದರೆ ನೋಟಿಸ್ ಅಲ್ಲಿಂದ ಬರಬಹುದು. ಬೇರೆ ಜಿಲ್ಲೆಯ ಲಕೋಟೆ ಎಂದು ಪಕ್ಕಕ್ಕಿಡಬೇಡಿ.

ಹಂತ 7: ಜಗಲಿ ಮೇಲಿನ ಚಿಕಿತ್ಸೆ ನಿಲ್ಲಿಸಿ

ಇದು ಹೇಳಲು ಕಷ್ಟ, ಆದರೆ ಹೇಳಲೇಬೇಕು. ನಮ್ಮ ಊರುಗಳಲ್ಲಿ ಡಾಕ್ಟರ್ ನಿವೃತ್ತರಾದರೂ ಜನ ಬಿಡುವುದಿಲ್ಲ. ಬೆಳಿಗ್ಗೆ ತೋಟದ ಗೇಟಿನ ಹತ್ತಿರ ನಿಂತಿರುತ್ತಾರೆ. "ಡಾಕ್ಟ್ರೇ, ಒಂದು ಚೀಟಿ ಬರ್ಕೊಡಿ ಸಾಕು." ನೀವು ಬರೆದುಕೊಡುತ್ತೀರಿ. ಹಣವನ್ನೂ ತೆಗೆದುಕೊಳ್ಳುವುದಿಲ್ಲ.

ಆದರೆ ಪ್ರಾಕ್ಟೀಸ್ ನಿಲ್ಲಿಸಿದ್ದೇನೆ ಎಂದು ಕಂಪನಿಗೆ ಬರೆದುಕೊಟ್ಟ ಮೇಲೆ ಬರೆದ ಚೀಟಿಗೆ ರಕ್ಷಣೆ ಇರುವುದಿಲ್ಲ. ರನ್-ಆಫ್ ಪಾಲಿಸಿಯಂತೂ ಹಳೆಯ ಚಿಕಿತ್ಸೆಗೆ ಮಾತ್ರ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಹೇಳಿದ ಔಷಧಿಯೂ ಚಿಕಿತ್ಸೆಯೇ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಕ್ಕಪಕ್ಕದವರನ್ನು ನೋಡದೆ ಇರಲಾರೆ ಅನ್ನಿಸಿದರೆ "ಸೀಮಿತ ಪ್ರಾಕ್ಟೀಸ್ ಇದೆ" ಎಂದು ಕಂಪನಿಗೆ ನಿಜವನ್ನೇ ತಿಳಿಸಿ, ವೈದ್ಯಕೀಯ ನೋಂದಣಿಯನ್ನೂ ಚಾಲ್ತಿಯಲ್ಲಿಟ್ಟು, ಪೂರ್ತಿ ಪ್ರೀಮಿಯಂ ಕಟ್ಟಿ, ಆಮೇಲೆ ಅವರನ್ನು ನೋಡಿ. ಎರಡರ ಮಧ್ಯೆ ಇರುವುದು ಅಪಾಯ.

ಬೇರೆಯವರ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ

"ಆಸ್ಪತ್ರೆಯ ಪಾಲಿಸಿ ಇದೆ, ನನಗ್ಯಾಕೆ?" ಎಂದು ನೆಮ್ಮದಿಯಾಗಿರಬೇಡಿ. ಆ ಪಾಲಿಸಿಯಲ್ಲಿ ಸಂಬಳದ ವೈದ್ಯರು ಮಾತ್ರ ಇರಬಹುದು, ಬಂದು ಹೋಗುವ ಕನ್ಸಲ್ಟೆಂಟ್‌ಗಳು ಇಲ್ಲದಿರಬಹುದು. ಬಿಟ್ಟುಹೋದವರ ಹಳೆಯ ಕೆಲಸಕ್ಕೆ ರಕ್ಷಣೆ ಇದೆಯೇ ಎಂದು ಪತ್ರದಲ್ಲಿ ಕೇಳಿ, ಉತ್ತರವನ್ನು ಪತ್ರದಲ್ಲೇ ಪಡೆಯಿರಿ. ಸರ್ಕಾರಿ ಸೇವೆಯಲ್ಲಿದ್ದು ಸಂಜೆ ಖಾಸಗಿಯಾಗಿ ನೋಡುತ್ತಿದ್ದವರೂ ಆ ಖಾಸಗಿ ಕೆಲಸದ ಮಟ್ಟಿಗೆ ಇದೇ ಹಂತಗಳನ್ನು ಪಾಲಿಸಬೇಕು.

ಹಂತ 8: ನೋಟಿಸ್ ಬಂದೇ ಬಿಟ್ಟರೆ

ಲಕೋಟೆ ಎಸೆಯಬೇಡಿ. ಅದರ ಮೇಲೆ ಸಿಕ್ಕಿದ ದಿನಾಂಕ ಬರೆಯಿರಿ. ಅದೇ ದಿನ ಅಥವಾ ಮರುದಿನ ಕಂಪನಿಗೆ ಇಮೇಲ್ ಮಾಡಿ, ಶಾಖೆಗೆ ಪತ್ರವನ್ನೂ ಕೊಡಿ. ವಕೀಲರ ಮೂಲಕ ಬಂದ ಲೀಗಲ್ ನೋಟಿಸ್ ಆದರೂ ಸರಿ, ಕೇಸ್ ಆಗುವವರೆಗೆ ಕಾಯಬೇಡಿ. ಎಷ್ಟೋ ಕ್ಲೇಮುಗಳಿಗೆ ಕಂಪನಿ ತಗಾದೆ ತೆಗೆಯುವುದು ತಡವಾಗಿ ತಿಳಿಸಿದ್ದಕ್ಕೆ.

ರೋಗಿಯ ಕಡೆಯವರ ಹತ್ತಿರ ರಾಜಿ ಮಾತಾಡಬೇಡಿ, ಹಣ ಕೊಡಬೇಡಿ, ತಪ್ಪಾಯಿತು ಎಂದು ಬರೆದುಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಮಾಡಿದರೆ ರಕ್ಷಣೆ ಕೈತಪ್ಪುತ್ತದೆ. ನಿಮಗೆ ನಂಬಿಕೆಯ ವಕೀಲರಿದ್ದರೂ ನೇಮಿಸುವ ಮೊದಲು ಕಂಪನಿಯ ಒಪ್ಪಿಗೆ ಪಡೆಯಿರಿ. ಕೇಸ್ ಶೀಟ್‌ನಲ್ಲಿ ಒಂದು ಅಕ್ಷರವನ್ನೂ ಈಗ ಸೇರಿಸಬೇಡಿ. ಖಾಲಿ ಬಿಟ್ಟ ಜಾಗ ಖಾಲಿಯೇ ಇರಲಿ. ತಿದ್ದಿದ ದಾಖಲೆ ತಪ್ಪಿಲ್ಲದ ವೈದ್ಯರನ್ನೂ ತಪ್ಪಿತಸ್ಥರಂತೆ ಕಾಣಿಸುತ್ತದೆ.

ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಬಹುದು.

ಹಂತ 9: ಮನೆಯವರಿಗೆ ಗೊತ್ತಿರಲಿ

ಎಲ್ಲ ಪಾಲಿಸಿ, ಎಂಡಾರ್ಸ್‌ಮೆಂಟ್, ಕೆಪಿಎಂಇ ಸ್ವೀಕೃತಿ, ದಾಖಲೆ ಪೆಟ್ಟಿಗೆ ಎಲ್ಲಿದೆ ಎಂಬ ಚೀಟಿ, ಇವನ್ನೆಲ್ಲ ಒಂದೇ ಫೈಲಿನಲ್ಲಿಡಿ. ಹೆಂಡತಿ ಅಥವಾ ಗಂಡ, ಮಕ್ಕಳಲ್ಲಿ ಒಬ್ಬರು, ಇಬ್ಬರಿಗೂ ತೋರಿಸಿ. ವೈದ್ಯರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನವೀಕರಣ ತಪ್ಪಿದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಫೈಲಿನ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಮೂರು ಸಾಲು ಬರೆಯಿರಿ: ಪಾಲಿಸಿ ನಂಬರ್, ಪ್ರತಿ ವರ್ಷ ಹಣ ಕಟ್ಟಬೇಕಾದ ದಿನ, ನೋಟಿಸ್ ಬಂದರೆ ಫೋನ್ ಮಾಡಬೇಕಾದ ನಂಬರ್. ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಆ ದಿನಕ್ಕೆ ಹದಿನೈದು ದಿನ ಮುಂಚೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಡಿ.